ಹಳೆಯ ತಟ್ಟೆಯ ದನಿ ಎಲ್ಲಿಂದ ಬರುತ್ತದೆ?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯ ಬೀಗ, ಹಿತ್ತಾಳೆ ಚೊಂಬು, ಕೆಟ್ಟುಹೋದ ರೇಡಿಯೊಗಳ ನಡುವೆ ಒಮ್ಮೊಮ್ಮೆ ಗ್ರಾಮಫೋನ್ ತಟ್ಟೆಗಳ ಕಟ್ಟೂ ಕಾಣಸಿಗುವುದುಂಟು. ದಾರಿಹೋಕರು ಹೊದಿಕೆಯ ಮೇಲಿನ ಚಿತ್ರ ನೋಡಿ, 'ನಮ್ಮ ತಾತನ ಮನೆಯಲ್ಲೂ ಇತ್ತು' ಎಂದು ಹೇಳಿ ಮುಂದೆ ಹೋಗುತ್ತಾರೆ. ಸಂಗ್ರಹದ ಹುಚ್ಚು ಹತ್ತಿದವರ ರೀತಿಯೇ ಬೇರೆ. ಅವರು ತಟ್ಟೆಯನ್ನು ಮೆಲ್ಲಗೆ ಹೊರಗೆಳೆದು, ಅಂಚನ್ನಷ್ಟೇ ಎರಡು ಅಂಗೈಗಳ ನಡುವೆ ಹಿಡಿದು, ಬಿಸಿಲಿಗೆ ಓರೆ ಮಾಡುತ್ತಾರೆ. ಹಾಡಿನ ಗೆರೆಗಳನ್ನು ಒಮ್ಮೆ ನೋಡಿದ ಮೇಲೆ ಅವರ ಕಣ್ಣು ನಿಲ್ಲುವುದು ಹಾಡೇ ಇಲ್ಲದ ಜಾಗದಲ್ಲಿ, ಕೊನೆಯ ಗೆರೆಗೂ ನಡುವಿನ ಕಾಗದದ ಲೇಬಲ್ಲಿಗೂ ನಡುವೆ ಇರುವ ನುಣ್ಣನೆಯ ಖಾಲಿ ಪಟ್ಟಿಯಲ್ಲಿ. ಅಲ್ಲಿ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಕೆಲವು ಅಂಕಿ ಮತ್ತು ಅಕ್ಷರಗಳಿರುತ್ತವೆ. ಅವನ್ನು ಓದಿದ ಮೇಲೆಯೇ ಬೆಲೆಯ ಮಾತು.

ಹಾಡು ಒಂದೇ, ಗಾಯಕರು ಒಬ್ಬರೇ, ಕಂಪನಿಯೂ ಒಂದೇ. ಹಾಗಿದ್ದರೂ ಒಂದು ತಟ್ಟೆಯಲ್ಲಿ ಗಾಯಕ ಎದುರಿಗೇ ಕುಳಿತು ಹಾಡಿದಂತಿರುತ್ತದೆ. ಇನ್ನೊಂದರಲ್ಲಿ ದನಿ ಕಂಬಳಿಯ ಒಳಗಿನಿಂದ ಬಂದಂತಿರುತ್ತದೆ. ಹಳೆಯದೆಲ್ಲ ಚೆನ್ನ ಎಂಬ ಸರಳ ಉತ್ತರ ಇದಕ್ಕೆ ಸಾಲದು. ಗಾಯಕನ ಗಂಟಲಿನಿಂದ ಹೊರಟ ದನಿ ನಮ್ಮ ಮನೆಯ ಪೆಟ್ಟಿಗೆ ತಲಪುವ ಮುನ್ನ ಹಲವು ಕೈ ದಾಟಿ ಬರುತ್ತದೆ. ಎಲ್ಲಿ ಎಷ್ಟು ಸೋರಿತು, ಎಷ್ಟು ಉಳಿಯಿತು ಎಂಬುದರ ಮೇಲೆ ತಟ್ಟೆಯ ಯೋಗ್ಯತೆ ನಿಂತಿದೆ.

ಅರಗಿನ ಹಾಡು

ತಟ್ಟೆಯ ಆಕಾರದ ಧ್ವನಿಮುದ್ರಣ ಎಮಿಲ್ ಬರ್ಲಿನರ್ ಎಂಬ ಜರ್ಮನ್ ಮೂಲದ ಅಮೆರಿಕನ್ನನ ಕಾಣಿಕೆ. ಎಡಿಸನ್ 1877ರಲ್ಲಿ ಮಾಡಿದ್ದು ಉರುಳೆ. 1887ರಲ್ಲಿ ಬರ್ಲಿನರ್ ಉರುಳೆಯನ್ನು ಬಿಟ್ಟು ಚಪ್ಪಟೆ ತಟ್ಟೆಗೆ ಬಂದ. ಚಪ್ಪಟೆಯಾದ್ದರಿಂದ ರೊಟ್ಟಿ ತಟ್ಟಿದಂತೆ ಒಂದೇ ಅಚ್ಚಿನಿಂದ ಎಷ್ಟೋ ಪ್ರತಿ ಒತ್ತಬಹುದಾಯಿತು. ಹಾಡು ಮಾರಾಟದ ಸರಕಾದದ್ದು ಆಗ.

ಭಾರತಕ್ಕೆ ಈ ಸರಕು ಬಂದದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿಕೊಂಡ. ಆಗ ಇಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲಪ್ರತಿ ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ತಟ್ಟೆಗಳಾಗಿ ಮರಳಿ ಬರಬೇಕಿತ್ತು. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುವುದು ಇಂದಿಗೂ ಕೇಳಿಸುತ್ತದೆ. ಭಾಷೆ ತಿಳಿಯದ ಹ್ಯಾನೋವರಿನ ಕೆಲಸಗಾರರು ತಟ್ಟೆ ಯಾರದೆಂದು ಗುರುತಿಸಲಿ ಎಂದೇ ಹೀಗೆ ಹೇಳಿಸುತ್ತಿದ್ದರು ಎನ್ನುತ್ತಾರೆ. ಈ ಗೌಹರ್ ಜಾನ್ ಬದುಕಿನ ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಯಿತು. 1920ರ ದಶಕದ ಕೊನೆಗೆ ಅದು ಡಂಡಂಗೆ ಹೋಯಿತು. 'ನಾಯಿ ಮಾರ್ಕಿನ ಪ್ಲೇಟು' ಎಂದು ನಮ್ಮ ಹಿರಿಯರು ಕರೆದ ಎಚ್‌ಎಂವಿ ತಟ್ಟೆಗಳ ಲೇಬಲ್ಲಿನಲ್ಲಿ ಕಾಣುವ ಡಂಡಂ ಇದೇ.

ತಟ್ಟೆಯ ಮುಖ್ಯ ಕಚ್ಚಾವಸ್ತುವೂ ನಮ್ಮ ನೆಲದ್ದೇ. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಕಟ್ಟುವ ಅಂಟನ್ನು ಶುದ್ಧಮಾಡಿದರೆ ಸಿಗುವ ಶೆಲ್ಲಾಕ್ ಇಲ್ಲದೆ ಆ ಕಾಲದಲ್ಲಿ ಜಗತ್ತಿನ ಯಾವ ಮೂಲೆಯಲ್ಲೂ ರೆಕಾರ್ಡು ಆಗುತ್ತಿರಲಿಲ್ಲ. ಅದರ ಬಹುಪಾಲು ಛೋಟಾ ನಾಗಪುರದ ಕಾಡುಗಳಿಂದ ಹೋಗುತ್ತಿತ್ತು. ಪಾಂಡವರನ್ನು ಸುಡಲು ಕೌರವರು ಮನೆ ಕಟ್ಟಿಸಿದ್ದು ಅರಗಿನಲ್ಲಿ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗಿನಲ್ಲಿ. ಕಾದರೆ ಮೆತ್ತಗಾಗಿ, ಆರಿದರೆ ಗಟ್ಟಿಯಾಗಿ, ಒತ್ತಿದ ಗುರುತನ್ನು ಹಾಗೇ ಉಳಿಸಿಕೊಳ್ಳುವ ಅದರ ಗುಣವೇ ಹಾಡು ಹಿಡಿಯಲೂ ಬಂತು.

ತಟ್ಟೆಯಲ್ಲಿ ಅರಗು ಇರುತ್ತಿದ್ದದ್ದು ಕಾಲು ಭಾಗದ ಆಸುಪಾಸು ಮಾತ್ರ. ಉಳಿದದ್ದು ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ಎಳೆ. ಕಲ್ಲಿನ ಪುಡಿಗೆ ಒಂದು ಕೆಲಸವಿತ್ತು. ಹೊಸ ಉಕ್ಕಿನ ಮುಳ್ಳಿನ ಮೊನೆಯನ್ನು ಅದು ಮೊದಲ ಕೆಲವು ಸುತ್ತಿನಲ್ಲೇ ಸವೆಸಿ ಗೆರೆಯ ಅಳತೆಗೆ ತರುತ್ತಿತ್ತು. ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬ ನಿಯಮ ಅದರಿಂದ ಬಂತು. ಹಳೆಯ ತಟ್ಟೆಯ ಹಿಂದೆ ಸದಾ ಕೇಳುವ ಎಣ್ಣೆಯಲ್ಲಿ ಹಪ್ಪಳ ಕರಿದಂಥ ಸದ್ದು ಸಹ ಬಹುಮಟ್ಟಿಗೆ ಆ ಕಲ್ಲಿನ ಪುಡಿಯದೇ.

ಇನ್ನೊಂದು ಮಿತಿ ಕಾಲದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷ ಚಿಲ್ಲರೆಗೆ ಮುಗಿಯುತ್ತಿತ್ತು. ಒಂದು ತಾಸಿನ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದನ್ನು ನಮ್ಮ ಗಾಯಕರು ಕಲಿಯಬೇಕಾಯಿತು. 1925ಕ್ಕೆ ಮುಂಚೆ ಮೈಕ್ ಕೂಡ ಇರಲಿಲ್ಲ. ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಿದರೆ, ಆ ಉಸಿರಿನ ಬಲದಿಂದಲೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಬೀಳಬೇಕಿತ್ತು.

ಹೆಸರಿಗೆ 78 ಎಂದರೂ ಮೊದಲ ದಶಕಗಳಲ್ಲಿ ವೇಗ ಒಂದೇ ಸಮ ಇರಲಿಲ್ಲ ಎಂಬುದನ್ನು ಹಳೆಯ ಸಂಗೀತ ಕೇಳುವವರು ನೆನಪಿಡಬೇಕು. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಮೇಲೇರುತ್ತದೆ. ತಾನಗಳು ಅಸಹಜ ವೇಗ ಪಡೆಯುತ್ತವೆ. ಹಳೆಯ ಗಾಯಕರ ದನಿ ಕೀರಲು ಎಂದು ನಾವು ತೀರ್ಮಾನಿಸುವಾಗ ಎಷ್ಟೋ ಸಲ ತಪ್ಪು ಗಂಟಲಿನದಲ್ಲ, ಯಂತ್ರದ ವೇಗದ್ದು.

ವಿನೈಲ್ ಬಂದ ಮೇಲೆ

1948ರ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುವ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಿತು. ಅರಗಿನ ಜಾಗಕ್ಕೆ ವಿನೈಲ್ ಎಂಬ ಪ್ಲಾಸ್ಟಿಕ್ ಬಂತು. ಅದರಲ್ಲಿ ಕಲ್ಲಿನ ಪುಡಿ ಬೆರೆಸಬೇಕಾಗಿರಲಿಲ್ಲ. ಮೈ ನುಣುಪಾದ್ದರಿಂದ ಸದ್ದು ಇಳಿಯಿತು, ಗೆರೆಗಳನ್ನು ಕೂದಲೆಳೆಯಷ್ಟು ತೆಳ್ಳಗೆ ಕೊರೆಯಬಹುದಾಯಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಹಾಡು ಹಿಡಿಯಿತು. ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಇರುವುದು ಒಂದೇ ಗೆರೆ; ಸುರುಳಿ ಬಿಡಿಸಿ ನೇರ ಎಳೆದರೆ ಅದು 400 ಮೀಟರಿಗೂ ಉದ್ದವಾದೀತು.

ನಮ್ಮ ಸಂಗೀತಕ್ಕೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು. ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ 1955ರಲ್ಲಿ ಅಮೆರಿಕದಲ್ಲಿ ಎಲ್‌ಪಿಯಾಗಿ ಹೊರಬಂದಾಗ ಮಗ್ಗುಲಿಗೊಂದು ರಾಗದಂತೆ ಎರಡು ರಾಗಗಳು ಅದರಲ್ಲಿದ್ದವು. ಆಲಾಪ ಎಂಬುದನ್ನು ತಟ್ಟೆಯ ಮೇಲೆ ಆಲಾಪದ ನಡೆಯಲ್ಲೇ ಕೇಳುವುದು ಸಾಧ್ಯವಾಯಿತು.

ಭಾರತದಲ್ಲಿ ಮಾತ್ರ ಅರಗಿನ ತಟ್ಟೆ ಬೇಗ ಸಾಯಲಿಲ್ಲ. ಕರೆಂಟಿಲ್ಲದ ಊರುಗಳಲ್ಲಿ ಕೀಲಿ ಕೊಟ್ಟು ಹಾಡಿಸುವ ಪೆಟ್ಟಿಗೆಗಳೇ ಇದ್ದುದರಿಂದ ಡಂಡಂ ಕಾರ್ಖಾನೆ 1960ರ ದಶಕದಲ್ಲೂ 78ರ ತಟ್ಟೆ ಒತ್ತುತ್ತಲೇ ಇತ್ತು. ಇದರಿಂದ ಒಂದು ಸೋಜಿಗ ನಡೆಯಿತು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಅವರ ಸ್ವಂತ ದೇಶದಲ್ಲಿ ವಿನೈಲ್ ತಟ್ಟೆಯಾಗಿ ಬರುತ್ತಿದ್ದಾಗ, ಭಾರತದಲ್ಲಿ ಅವು ಅರಗಿನ 78ರಲ್ಲೂ ಬಂದವು. ಆ ತಟ್ಟೆಗಳಿಗಾಗಿ ಇಂದು ಲೋಕದ ಸಂಗ್ರಾಹಕರೆಲ್ಲ ಹಾತೊರೆಯುತ್ತಾರೆ. ಆದರೆ ಅವು ಅಪರೂಪವೆಂದು ಬೆಲೆ ಬಾಳುತ್ತವೆಯೇ ಹೊರತು ಇಂಪಾಗಿವೆ ಎಂದಲ್ಲ. ಸಂಗ್ರಹಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದ ಭೇದ ಇದು: ಬೆಲೆ ಬೇರೆ, ದನಿ ಬೇರೆ.

ತಂದೆ, ತಾಯಿ ಮತ್ತು ಅಚ್ಚು

ದನಿ ಎಲ್ಲಿ ಕೆಡುತ್ತದೆ ಎಂದು ತಿಳಿಯಲು ಎಲ್‌ಪಿ ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು. ಸ್ಟುಡಿಯೋದಲ್ಲಿ ಸಿದ್ಧವಾದ ಟೇಪು ಮೊದಲು ಗೆರೆ ಕೊರೆಯುವ ಯಂತ್ರದ ಬಳಿ ಹೋಗುತ್ತದೆ. ಅಲ್ಯುಮಿನಿಯಂ ತಟ್ಟೆಗೆ ಬಳಿದ ಮೆದುವಾದ ಲ್ಯಾಕರಿನ ಮೇಲೆ ಕಾದ ಮೊನೆಯೊಂದು ಹಾಡಿಗೆ ತಕ್ಕಂತೆ ಅಲುಗುತ್ತಾ ಗೆರೆ ಕೊರೆಯುತ್ತದೆ. ಆ ಲ್ಯಾಕರ್ ತಟ್ಟೆಗೆ ಬೆಳ್ಳಿ ಲೇಪಿಸಿ, ನಿಕ್ಕಲ್ ದ್ರಾವಣದಲ್ಲಿ ಅದ್ದಿ ವಿದ್ಯುತ್ ಹರಿಸಿದರೆ ಮೇಲೆ ಲೋಹದ ಪದರ ಕಟ್ಟುತ್ತದೆ. ಬಿಡಿಸಿ ತೆಗೆದ ಆ ಪದರವೇ 'ತಂದೆ'. ಅದರಲ್ಲಿ ತಗ್ಗಿದ್ದಲ್ಲಿ ಉಬ್ಬು, ಉಬ್ಬಿದ್ದಲ್ಲಿ ತಗ್ಗು. ತಂದೆಯಿಂದ ಅದೇ ರೀತಿ 'ತಾಯಿ', ತಾಯಿಯಿಂದ ಒತ್ತುವ ಅಚ್ಚು. ಒಂದು ತಂದೆಗೆ ಕೆಲವು ತಾಯಂದಿರು, ಒಂದೊಂದು ತಾಯಿಗೆ ಹಲವು ಅಚ್ಚುಗಳು.

ಒತ್ತುವ ಯಂತ್ರದಲ್ಲಿ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು. ನಡುವೆ ಕಾದ ವಿನೈಲಿನ ಮುದ್ದೆ, ಅದರ ಎರಡೂ ಕಡೆ ಕಾಗದದ ಲೇಬಲ್ಲು. ಹಬೆಯ ಶಾಖದಲ್ಲಿ ಟನ್ನುಗಟ್ಟಲೆ ಭಾರ ಬಿದ್ದಾಗ ಮುದ್ದೆ ಹರಡಿ ಗೆರೆಗಳ ಒಳಗೆಲ್ಲ ತುಂಬುತ್ತದೆ. ಕೂಡಲೇ ತಣ್ಣೀರು ಹರಿಸಿ ಆರಿಸುತ್ತಾರೆ. ಅರ್ಧ ನಿಮಿಷದ ಕೆಲಸ. ಲೇಬಲ್ಲಿಗೆ ಅಂಟೇ ಹಾಕುವುದಿಲ್ಲ, ತಟ್ಟೆಯ ಜೊತೆಗೇ ಅದು ಬೆಸೆದುಕೊಳ್ಳುತ್ತದೆ.

ಈ ಅರ್ಧ ನಿಮಿಷದಲ್ಲಿ ಆಗಬಹುದಾದ ಕೇಡುಗಳು ಬಹಳ. ಶಾಖ ಸಾಲದಿದ್ದರೆ ವಿನೈಲ್ ಗೆರೆಯ ತಳ ಮುಟ್ಟದೆ, ಹಾಡಿನ ನಡುವೆ ಬಟ್ಟೆ ಹರಿದಂಥ ಸದ್ದು ಬರುತ್ತದೆ. ಸರಿಯಾಗಿ ಆರುವ ಮುನ್ನ ತೆಗೆದರೆ ತಟ್ಟೆ ಸೊಟ್ಟಗಾಗುತ್ತದೆ. ಹಳೆಯ ತಟ್ಟೆಗಳನ್ನು ಅರೆದು ಮತ್ತೆ ಬಳಸಿದ ವಿನೈಲಾದರೆ ಚಿಟಪಟ ಸದ್ದು ಸೇರುತ್ತದೆ. 1973ರ ತೈಲ ಬಿಕ್ಕಟ್ಟಿನಲ್ಲಿ ವಿನೈಲ್ ತುಟ್ಟಿಯಾದಾಗ ಹಲವು ದೇಶಗಳ ಕಂಪನಿಗಳು ಇಂಥ ಬೆರಕೆಗೂ ತೆಳ್ಳನೆಯ ತಟ್ಟೆಗೂ ಇಳಿದವು. ಕೊನೆಯದಾಗಿ, ಅಚ್ಚು ಸವೆಯುವ ವಸ್ತು. ಸಾವಿರ ಚಿಲ್ಲರೆ ಪ್ರತಿ ಒತ್ತಿದ ಮೇಲೆ ಅದರ ಸೂಕ್ಷ್ಮ ಏರಿಳಿತ ಮಾಸತೊಡಗುತ್ತದೆ. ಹೊಸ ಅಚ್ಚಿನ ಮೊದಲ ಪ್ರತಿಗೂ ಅದೇ ಅಚ್ಚಿನ ಕಡೆಯ ಪ್ರತಿಗೂ ವ್ಯತ್ಯಾಸ ಕಿವಿಗೆ ತಿಳಿಯುವಷ್ಟು ಇರಬಹುದು.

ಖಾಲಿ ಪಟ್ಟಿಯ ಬರಹ

ಸಂಗ್ರಾಹಕರು ಖಾಲಿ ಪಟ್ಟಿಯಲ್ಲಿ ಹುಡುಕುವುದು ಈ ವಂಶಾವಳಿಯನ್ನೇ. ಅಲ್ಲಿರುವ ಮ್ಯಾಟ್ರಿಕ್ಸ್ ಸಂಖ್ಯೆ ಯಾವ ಲ್ಯಾಕರಿನಿಂದ ತಟ್ಟೆ ಇಳಿದು ಬಂತು ಎಂದು ಹೇಳುತ್ತದೆ. ಸಂಖ್ಯೆಯ ಕೊನೆಗೆ 1 ಇದ್ದರೆ ಸಾಮಾನ್ಯವಾಗಿ ಮೊದಲ ಕೊರೆತ, 2 ಇದ್ದರೆ ಎರಡನೆಯದು. ಬ್ರಿಟನ್ನಿನ ಇಎಂಐ ಕಂಪನಿಯವರು ಇನ್ನೂ ಮುಂದೆ ಹೋಗಿ, ಎಷ್ಟನೆಯ ತಾಯಿ, ಎಷ್ಟನೆಯ ಅಚ್ಚು ಎಂಬುದನ್ನೂ ಗುರುತು ಹಾಕುತ್ತಿದ್ದರು. ತಾಯಿಗೆ ಅಂಕಿ, ಅಚ್ಚಿಗೆ ಅಕ್ಷರ. 'ಗ್ರಾಮೊಫ್' ಮತ್ತು 'ಲಿಮಿಟೆಡ್' ಎಂಬುದರ ಸಂಕ್ಷಿಪ್ತ ರೂಪ ಸೇರಿ ಆಗುವ ಹತ್ತು ಇಂಗ್ಲಿಷ್ ಅಕ್ಷರಗಳೇ ಅದರ ಗುಪ್ತಲಿಪಿ. ಜಿ ಎಂದರೆ 1, ಆರ್ ಎಂದರೆ 2, ಎ ಎಂದರೆ 3. ಹೀಗೆ ಸಾಗಿ ಕೊನೆಯ ಡಿ ಎಂದರೆ ಸೊನ್ನೆ. ಜಿ ಮತ್ತು ಆರ್ ಜೊತೆಗಿದ್ದರೆ ಅದು ಹನ್ನೆರಡನೆಯ ಅಚ್ಚು.

ಗೆರೆ ಕೊರೆದವನ ಗುರುತೂ ಅಲ್ಲೇ ಇರುತ್ತದೆ. ಇದು ಕೈಚಳಕದ ಕೆಲಸ. ಮೃದಂಗದ ತೊಪ್ಪಿಯ ಗುಂಭ ಗೆರೆಯನ್ನು ಅಗಲಕ್ಕೆ ಅಲುಗಿಸುತ್ತದೆ, ಜಾಗ ತಿನ್ನುತ್ತದೆ. ತಾಳದ ಕಿಣಿಕಿಣಿ ಕಣ್ಣಿಗೆ ಕಾಣದಷ್ಟು ಸಣ್ಣ ಅಲೆ. ತಟ್ಟೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಕೊರೆಯುವಾಗ ತಗ್ಗುಸ್ವರವನ್ನು ಇಳಿಸಿ, ಮೇಲುಸ್ವರವನ್ನು ಏರಿಸಿ, ಹಾಡಿಸುವಾಗ ಪೆಟ್ಟಿಗೆಯಲ್ಲಿ ಅದನ್ನು ತಿರುವುಮುರುವು ಮಾಡುತ್ತಾರೆ. ಇದರ ಪ್ರಮಾಣ ಎಷ್ಟೆಂದು 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮ ಒಂದು ನಿಯಮ ಮಾಡಿತು. ಅದಕ್ಕೂ ಹಿಂದೆ ಕಂಪನಿಗೊಂದು ಲೆಕ್ಕ ಇತ್ತು. ಅದರಿಂದಾಗಿ ಆ ಕಾಲದ ತಟ್ಟೆಗಳು ಇಂದಿನ ಯಂತ್ರದಲ್ಲಿ ಕೆಲವೊಮ್ಮೆ ಕರ್ಕಶವಾಗಿ, ಕೆಲವೊಮ್ಮೆ ಮಂಕಾಗಿ ಕೇಳುತ್ತವೆ.

ಕೊರೆಯುವವನು ಎಷ್ಟು ಧೈರ್ಯ ಮಾಡುತ್ತಾನೆ ಎಂಬುದಕ್ಕೆ ಸಂಗ್ರಾಹಕರು ಹೇಳುವ ಪ್ರಸಿದ್ಧ ಉದಾಹರಣೆ ಲೆಡ್ ಜೆಪೆಲಿನ್ ಎಂಬ ಬ್ರಿಟಿಷ್ ರಾಕ್ ತಂಡದ ಎರಡನೆಯ ಎಲ್‌ಪಿ. 1969ರಲ್ಲಿ ರಾಬರ್ಟ್ ಲುಡ್ವಿಗ್ ಎಂಬ ಯುವ ತಂತ್ರಜ್ಞ ಅಮೆರಿಕದಲ್ಲಿ ಅದನ್ನು ಪೂರ್ಣ ಬಲದಲ್ಲಿ ಕೊರೆದ. ಅಗ್ಗದ ಪೆಟ್ಟಿಗೆಗಳಲ್ಲಿ ಮುಳ್ಳು ಗೆರೆಯಿಂದ ಹಾರತೊಡಗಿತು. ಕಂಪನಿ ಹೆದರಿ, ಬಲ ತಗ್ಗಿಸಿ ಮತ್ತೆ ಕೊರೆಸಿತು. ಖಾಲಿ ಪಟ್ಟಿಯಲ್ಲಿ ಆರ್‌ಎಲ್ ಎಂಬ ಎರಡಕ್ಷರ ಇರುವ ಆ ಮೊದಲ ಪ್ರತಿಗಳಿಗೆ ಇಂದು ಉಳಿದವಕ್ಕಿಂತ ಹಲವು ಪಟ್ಟು ಬೆಲೆ. ಇಲ್ಲಿ ಬೆಲೆಯೂ ದನಿಯೂ ಒಂದೇ ದಾರಿಯಲ್ಲಿ ನಡೆದಿವೆ. ಜಾಝ್ ಕೇಳುವವರು ಬ್ಲೂ ನೋಟ್ ತಟ್ಟೆಗಳಲ್ಲಿ ಇದೇ ರೀತಿ ರೂಡಿ ವ್ಯಾನ್ ಗೆಲ್ಡರನ ಗುರುತು ಹುಡುಕುತ್ತಾರೆ. ಮುದ್ರಿಸಿಕೊಂಡವನೂ ಕೊರೆದವನೂ ಅವನೊಬ್ಬನೇ ಆಗಿದ್ದರಿಂದ ಸ್ಟುಡಿಯೋದಲ್ಲಿ ಕೇಳಿದ್ದೇನು ಎಂದು ಅವನಿಗೆ ಗೊತ್ತಿರುತ್ತಿತ್ತು.

ಡಂಡಂನಲ್ಲಿ ಒತ್ತಿದ ತಟ್ಟೆಗಳಿಗೂ ಈ ಓದು ಉಪಯೋಗಕ್ಕೆ ಬರುತ್ತದೆ. ಇಲ್ಲಿ ಹೊರಬಂದ ಅನೇಕ ಪಾಶ್ಚಾತ್ಯ ಎಲ್‌ಪಿಗಳ ಮೇಲೆ ಬ್ರಿಟನ್ನಿನ ಮೂಲ ಸಂಖ್ಯೆಯೇ ಇದೆ. ವಂಶ ಒಂದೇ, ಒತ್ತಿದ ಊರು ಬೇರೆ. ಭಾರತೀಯ ಸಂಗೀತದ ಎಚ್‌ಎಂವಿ ತಟ್ಟೆಗಳಲ್ಲಿ ಕ್ರಮಸಂಖ್ಯೆಯ ಮುಂದಿನ ಅಕ್ಷರಗಳನ್ನೂ ನೋಡಬೇಕು. ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೋನೋ. ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಸ್ಟೀರಿಯೊ ಎಂದಿದ್ದಕ್ಕೇ ಮೇಲು ಎಂದುಕೊಳ್ಳಬಾರದು. ಒಂದೇ ಮೈಕಿನಿಂದ ಮುದ್ರಿಸಿದ ಹಳೆಯ ಹಾಡನ್ನು ಯಂತ್ರದಿಂದ ಎರಡು ಕಡೆಗೆ ಸೀಳಿ ಸ್ಟೀರಿಯೊ ಎಂದು ಮಾರುವ ರೂಢಿ ರೆಕಾರ್ಡ್ ಲೋಕದಲ್ಲಿ ಹಲವು ವರ್ಷ ನಡೆಯಿತು. ಅಂಥ ಕಡೆ ಹಳೆಯ ಮೋನೋ ತಟ್ಟೆಯೇ ಲೇಸು.

ತಂಬೂರಿಯೇ ಸಾಕ್ಷಿ

ಮೊದಲ ಒತ್ತೇ ಯಾವಾಗಲೂ ಶ್ರೇಷ್ಠ ಎಂಬ ನಂಬಿಕೆ ಸಂಗ್ರಾಹಕರಲ್ಲಿ ಬಲವಾಗಿದೆ. ಅದರಲ್ಲಿ ಸತ್ಯಾಂಶ ಇದೆ. ಟೇಪು ಹೊಸದಾಗಿದ್ದಾಗ, ಅದನ್ನು ಮಾಡಿದವರೇ ಹತ್ತಿರವಿದ್ದಾಗ ಕೊರೆದದ್ದು ಮೂಲಕ್ಕೆ ಸಮೀಪವಾಗಿರುವ ಸಂಭವ ಹೆಚ್ಚು. ಆದರೆ ಸವೆದ ಮೊದಲ ಒತ್ತಿಗಿಂತ ಜೋಪಾನವಾಗಿಟ್ಟ ಮೂರನೆಯ ಒತ್ತು ಮೇಲು. ಈಚೆಗೆ 180 ಗ್ರಾಂ ತೂಕ ಎಂದು ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿ ಮಾರುವ ಮರುಮುದ್ರಣಗಳೂ ಅಷ್ಟೆ. ದಪ್ಪ ತಟ್ಟೆ ಸೊಟ್ಟಗಾಗುವುದು ಕಡಿಮೆ ಎಂಬುದು ನಿಜ. ಆದರೆ ಯಾವ ಟೇಪಿನಿಂದ, ಯಾರು ಕೊರೆದರು ಎಂಬುದನ್ನು ತೂಕ ಹೇಳುವುದಿಲ್ಲ.

ತಟ್ಟೆಯೊಳಗೂ ಎಲ್ಲ ಜಾಗ ಸಮನಲ್ಲ. ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ. ಒಳಗೆ ಸರಿದಂತೆ ಸುತ್ತು ಚಿಕ್ಕದಾಗಿ, ಕೊನೆಯ ಗೆರೆಯಲ್ಲಿ ಅದು 21 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟೇ ಹಾಡು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂರಬೇಕು. ಹಿಂದೂಸ್ತಾನಿ ಸಂಗೀತಕ್ಕೆ ಇದು ದುರದೃಷ್ಟದ ಸಂಗತಿ, ಏಕೆಂದರೆ ಶಾಂತವಾದ ಆಲಾಪ ವಿಶಾಲ ಅಂಚಿನಲ್ಲೂ, ಬಿರುಸಾದ ದ್ರುತ್ ಮತ್ತು ಝಾಲಾ ಇಕ್ಕಟ್ಟಿನ ಒಳಸುತ್ತಿನಲ್ಲೂ ಬೀಳುತ್ತವೆ. ತಟ್ಟೆ ಪರೀಕ್ಷಿಸುವ ಜಾಣರು ಹಾಡಿನ ಆರಂಭವನ್ನು ಬಿಟ್ಟು ಕೊನೆಯ ಎರಡು ನಿಮಿಷ ಕೇಳುವುದು ಇದಕ್ಕೇ.

ಇನ್ನೊಂದು ಪರೀಕ್ಷೆ ನಡುವಿನ ತೂತಿನದು. ತೂತು ಒಂದೇ ಮಿಲಿಮೀಟರಿನಷ್ಟು ಆಚೀಚೆ ಆದರೂ ಒಳಸುತ್ತಿನಲ್ಲಿ ಶ್ರುತಿ ಪ್ರತಿ ಸುತ್ತಿಗೂ ಅರ್ಧ ಸ್ವರದ ಕಾಲು ಭಾಗಕ್ಕೂ ಹೆಚ್ಚು ಏರುತ್ತದೆ, ಅಷ್ಟೇ ಇಳಿಯುತ್ತದೆ. ಡೋಲು, ಗಿಟಾರಿನ ಗದ್ದಲದಲ್ಲಿ ಅದು ಮರೆಯಾಗಿ ಹೋಗಬಹುದು. ನಮ್ಮ ಸಂಗೀತದಲ್ಲಿ ಹಿಂದೆ ತಂಬೂರಿ ಒಂದೇ ಷಡ್ಜದಲ್ಲಿ ನಿಂತಿರುತ್ತದೆ. ತಟ್ಟೆ ತಪ್ಪಿದರೆ ತಂಬೂರಿ ತೂಗುತ್ತದೆ, ಕೇಳುವವನ ಕಿವಿ ಕೂಡಲೇ ಹಿಡಿಯುತ್ತದೆ. ತಟ್ಟೆಯ ನಡು ಸರಿಯಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಸಾಧನ ಬೇಡ.

ಉಳಿದದ್ದು ಇಟ್ಟುಕೊಂಡವರ ಕೈ

ಎಷ್ಟೇ ಒಳ್ಳೆಯ ವಂಶದ ತಟ್ಟೆಯನ್ನೂ ಒಂದೇ ಮಧ್ಯಾಹ್ನದಲ್ಲಿ ಹಾಳುಮಾಡಬಹುದು. ಕಹಳೆಯ ಗ್ರಾಮಫೋನಿನ ಮುಳ್ಳು ನೂರು ಗ್ರಾಂಗೂ ಹೆಚ್ಚು ಭಾರದಿಂದ ತಟ್ಟೆಯ ಮೇಲೆ ಕೂರುತ್ತದೆ. ಇಂದಿನ ವಜ್ರದ ಮುಳ್ಳಿನ ಭಾರ ಒಂದೂವರೆ, ಎರಡು ಗ್ರಾಂ. ಅಲಂಕಾರಕ್ಕೆ ತಂದ ಹಳೆಯ ಪೆಟ್ಟಿಗೆಯಲ್ಲಿ ಎಲ್‌ಪಿ ಹಾಕಿದರೆ ಗೆರೆ ಕಿತ್ತು ಬರುತ್ತದೆ. 78ರ ಗೆರೆ ಎಲ್‌ಪಿಯ ಗೆರೆಗಿಂತ ಮೂರು ಪಟ್ಟು ಅಗಲವಾದ್ದರಿಂದ ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಬೇಕು. ತೊಳೆಯಲು ಸೌಮ್ಯವಾದ ಸೋಪಿನ ನೀರು ಸಾಕು. ಅರಗಿನ ತಟ್ಟೆಗೆ ಸ್ಪಿರಿಟ್ ಮುಟ್ಟಿಸಬಾರದು; ಅರಗು ಅದರಲ್ಲಿ ಕರಗುತ್ತದೆ, ಹಾಡು ಬಟ್ಟೆಗೆ ಅಂಟಿ ಬರುತ್ತದೆ.

ಇಷ್ಟೆಲ್ಲ ಜೋಪಾನ ಏಕೆ ಎಂದು ಕೇಳಬಹುದು. ಹಾಡು ಮೊಬೈಲಿನಲ್ಲೇ ಸಿಗುತ್ತದಲ್ಲ ಎಂಬುದು ಒಪ್ಪತಕ್ಕ ಮಾತೇ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳದ್ದನ್ನು ಮೀರಿತು, 1987ರ ಅನಂತರ ಇದೇ ಮೊದಲು. ಈ ಭರಾಟೆಯಲ್ಲಿ ಶೋಕಿಯ ಪಾಲೂ ಇದೆ. ಆದರೆ ಮೊಬೈಲಿಗೆ ಬಂದಿರುವುದು ಯಾರೋ ಉಳಿಸಿಕೊಂಡದ್ದು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಅರಗು ಯುದ್ಧ ಸಾಮಗ್ರಿಗೆ ಬೇಕಾದಾಗ, 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಯನ್ನು ಶೇಕಡ 70ರಷ್ಟು ಕಡಿತಗೊಳಿಸಿತು. ಜನ ಮನೆಯ ಹಳೆಯ ತಟ್ಟೆಗಳನ್ನು ತಂದು ಸುರಿದರು. ಅವನ್ನು ಕರಗಿಸಿ ಹೊಸ ಹಾಡು ಒತ್ತಿದರು. ಹೀಗೆ ಎಷ್ಟು ದನಿಗಳು ಕರಗಿಹೋದವು ಎಂಬುದಕ್ಕೆ ಲೆಕ್ಕವಿಲ್ಲ.

ಒಬ್ಬ ಕೇಳುಗ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು ಎಂಬುದು ಎಲ್ಲರಿಗೂ ಗೊತ್ತು. ಅವರು ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಸಂಗ್ರಾಹಕರೂ ಆಗಿದ್ದರು. ರಷ್ಯದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಾದಕ, ವಾಗ್ಗೇಯಕಾರನನ್ನು ಆಗ ಕೇಳುವವರು ಕಡಿಮೆ. ಮಹಾರಾಜರು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟು, ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಿಗೆ ಇಳಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡ. ತನ್ನ ಸಂಗೀತವನ್ನು ಅವನು ಹೇಗೆ ನುಡಿಸುತ್ತಿದ್ದ ಎಂದು ಇಂದು ಜಗತ್ತಿಗೆ ತಿಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಮೈಸೂರಿನ ಆ ಕೇಳುಗ.

ಗದಗಿನ ಹುಡುಗನೊಬ್ಬನ ಕಥೆಯೂ ಪ್ರಸಿದ್ಧ. ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯೊಂದು ಅಂಗಡಿಯಲ್ಲಿ ಹಾಡುವುದನ್ನು ಕೇಳಿದ ಆ ಹುಡುಗ, ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿ 1933ರಲ್ಲಿ ಮನೆ ಬಿಟ್ಟು ಹೊರಟ. ಅವನೇ ಮುಂದೆ ಪಂಡಿತ ಭೀಮಸೇನ ಜೋಶಿ. ಕರ್ನಾಟಕದ ಗಾಯಕರ ಯೌವನದ ದನಿಯೂ ಅರಗಿನ ತಟ್ಟೆಗಳಲ್ಲಿದೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳಲ್ಲಿರುವುದು ಅವರ ಕಂಠ ಮುಂದೆ ಗಡಸಾಗುವ ಮುಂಚಿನ ತೆಳುವಾದ ದನಿ. ಅಂಥ ತಟ್ಟೆ ಒಡೆದರೆ ಒಡೆಯುವುದು ಬರೀ ಅರಗಲ್ಲ.

ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘದಂಥ ಕೂಟಗಳು ಇಂಥ ತಟ್ಟೆಗಳ ಪಟ್ಟಿ ಮಾಡಿ ಉಳಿಸುವ ಕೆಲಸಕ್ಕೆ ಕೈಹಾಕಿದವು. ಆದರೆ ಎಲ್ಲ ತಟ್ಟೆಗಳೂ ಸಂಘಗಳ ಕೈಗೆ ಬರುವುದಿಲ್ಲ. ಎಷ್ಟೋ ತಟ್ಟೆಗಳು ಇನ್ನೂ ಹಳೆಯ ಮನೆಗಳ ಅಟ್ಟದ ಮೇಲೆ ಟ್ರಂಕಿನೊಳಗೆ ಮಲಗಿವೆ. ಮನೆ ಮಾರುವಾಗ, ಪಾಲಾಗುವಾಗ ಅವು ಗುಜರಿಯವನ ತಕ್ಕಡಿಗೆ ಬೀಳುತ್ತವೆ. ತಕ್ಕಡಿಗೆ ಹಾಕುವ ಮುನ್ನ ಒಂದು ತಟ್ಟೆಯನ್ನು ಹೊರತೆಗೆದು, ಧೂಳು ಒರೆಸಿ, ಬೆಳಕಿಗೆ ಓರೆ ಹಿಡಿದು ಲೇಬಲ್ಲಿನ ಪಕ್ಕದ ಖಾಲಿ ಪಟ್ಟಿಯನ್ನು ಓದಿದರೆ ನಷ್ಟವೇನಿಲ್ಲ. ಅಲ್ಲಿರುವ ನಾಲ್ಕು ಅಂಕಿಗಳಿಂದ, ಅದರಲ್ಲಿರುವ ದನಿ ಬೇರೆ ಎಲ್ಲಾದರೂ ಉಳಿದಿದೆಯೇ ಎಂಬ ಹುಡುಕಾಟ ಶುರುವಾಗಬಹುದು.